ಹರ್ತಿಯ ದ್ಯಾಮಪ್ಪನ ಐದನೆಯ ಪೆಟ್ಟು

ಹರ್ತಿಯ ದ್ಯಾಮಪ್ಪನ ಮನೆಯ ಪಡಸಾಲೆಯಲ್ಲಿ, ದೇವರ ಜಗಲಿಗೆ ಎದುರಾಗಿ, ಗೋಡೆಯಲ್ಲೊಂದು ಗೂಟವಿದೆ. ಆ ಗೂಟಕ್ಕೆ ಒಂದು ಢೋಲಕಿ ತೂಗುತ್ತದೆ. ದಿನವೂ ಮುಂಜಾನೆ ಪೂಜೆ ಮುಗಿದ ಕೂಡಲೇ ದ್ಯಾಮಪ್ಪ ಎದ್ದು ಬಂದು, ಬೆರಳಲ್ಲಿ ಉಳಿದ ವಿಭೂತಿಯನ್ನು ಅದರ ಕಟ್ಟಿಗೆಯ ಮೈಗೆ ಸವರಿ, ಕಣ್ಣಿಗೊತ್ತಿಕೊಂಡ ಮೇಲೆಯೇ ಚಹಾದ ಬಟ್ಟಲು ಹಿಡಿಯುವುದು. ಮದುವೆಯಾಗಿ ನಾಲ್ವತ್ತಾರು ವರ್ಷ ಕಳೆದರೂ ಅವನ ಹೆಂಡತಿ ಸುಮಿತ್ರವ್ವನಿಗೆ ಇದರ ಮೇಲೊಂದು ಸಣ್ಣ ತಕರಾರು ಉಳಿದೇ ಇದೆ.

"ನನಗ ಒಂದ ದಿನಾ ಮೊಳ ಹೂ ತಂದಾವರಲ್ಲ. ಆ ಕಟಗಿಗೆ ಮಾತ್ರ ದಿನಾ ಸಿಂಗಾರ," ಎನ್ನುತ್ತಾಳೆ, ಬಟ್ಟಲನ್ನು ಕೈಗಿಡುತ್ತ.

"ಅದು ನಾ ಮುಟ್ಟಿದಾಗ ಅಷ್ಟ ಮಾತಾಡತೈತಿ, ಅದಕ್ಕ," ಎನ್ನುತ್ತಾನೆ ಅವನು. ದಿನದ ಮೊದಲ ನಗು ಆ ಮನೆಯಲ್ಲಿ ಹೀಗೆ ಹುಟ್ಟುತ್ತದೆ.

ದ್ಯಾಮಪ್ಪನಿಗೆ ಈಗ ಅರವತ್ತೆಂಟು. ನಾಲ್ಕೆಕರೆ ಎರೆಹೊಲ, ಒಂದು ಎಮ್ಮೆ, ನಾಲ್ಕನೆಯ ಇಯತ್ತೆಯವರೆಗಿನ ಓದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ ಬೆಳೆದು, ಶಿವ ಕೊಟ್ಟುದನ್ನು ಹಂಚಿಕೊಂಡು ಉಂಡ ಮನುಷ್ಯ. ಹನ್ನೊಂದು ತಿಂಗಳು ಅವನು ಎಲ್ಲರಂತೆ ಒಬ್ಬ ಒಕ್ಕಲಿಗ. ಶ್ರಾವಣ ಬಂತೆಂದರೆ ಅವನಿಲ್ಲದೆ ಊರಿಗೆ ಬೆಳಗಾಗುತ್ತಿರಲಿಲ್ಲ.

ಶ್ರಾವಣದ ಮೂವತ್ತು ದಿನವೂ ನಸುಕಿನ ಐದು ಗಂಟೆಗೆ ಬಸವಣ್ಣನ ಗುಡಿಯಿಂದ ಭಜನಾ ಮೇಳವೊಂದು ಹೊರಡುತ್ತದೆ. ಹದಿನೈದಿಪ್ಪತ್ತು ಜನ ಹಾಡುತ್ತ, ತಾಳ ಹಾಕುತ್ತ, ಓಣಿ ಓಣಿ ಸುತ್ತಿ, ಊರ ಹೆಬ್ಬಾಗಿಲಾದ ಅಗಸಿಬಾಗಿಲನ್ನು ಮುಟ್ಟಿ, ಬೆಳಕು ಹರಿಯುವ ಹೊತ್ತಿಗೆ ಮತ್ತೆ ಗುಡಿಗೆ ಬರುತ್ತಾರೆ. ಈ ಮೇಳಕ್ಕೆ ಹಿರಿಯರಿಂದ ಬಂದ ಒಂದು ಪದ್ಧತಿ ಉಂಟು. ಎಲ್ಲರಿಗಿಂತ ಸಾವಕಾಶವಾಗಿ ನಡೆಯುವವರು ಎಲ್ಲರಿಗಿಂತ ಮುಂದೆ ನಡೆಯಬೇಕು. ಗಟ್ಟಿ ಕಾಲಿನವರು ಹಿಂದೆ. ಭಗವಂತನ ನಾಮ ಹೇಳುತ್ತ ಹೋಗುವಾಗ ಒಬ್ಬರೂ ಹಿಂದುಳಿಯಬಾರದೆಂಬುದು ಆ ಹಿರಿಯರ ಮನಸ್ಸು. ಈಗ ಆ ಮುಂದಿನ ಜಾಗ ಎಂಬತ್ತೆರಡರ ಹುಚ್ಚವ್ವನದು. ಹಾಡಿನ ಸೊಲ್ಲು ಎತ್ತಿಕೊಡುವವಳೂ ಅವಳೇ.

ದ್ಯಾಮಪ್ಪನಿಗೆ ಢೋಲಕಿ ಕಲಿಸಿದವನು ಫಕೀರೇಶಜ್ಜ. ಶಿರಹಟ್ಟಿ ಕಡೆಯಿಂದ ಬಂದು, ಗುಡಿಯ ಮಗ್ಗುಲ ಕೋಣೆಯಲ್ಲಿ ಹಗ್ಗ ಹೊಸೆಯುತ್ತ ಬಾಳಿದ ಒಂಟಿ ಜೀವ. ಹುಟ್ಟಿನಿಂದಲೇ ಅವನ ಬಲಗಾಲು ಗಿಡ್ಡ. ಪಾಠವೆಂದು ಕೂರಿಸಿ ಕಲಿಸಿದವನಲ್ಲ. ಹನ್ನೆರಡರ ದ್ಯಾಮಪ್ಪನ ಕೈಗೆ ಒಂದು ಸಣ್ಣ ದಮ್ಮಡಿ ವಾದ್ಯ ಕೊಟ್ಟು, "ನನ್ನ ಬೆನ್ನ ಹಿಂದ ಬಾ, ನಾ ಹೊಡದಲ್ಲಿ ಹೊಡಿ," ಎಂದ. ಅಷ್ಟೇ ದೀಕ್ಷೆ. ಹನ್ನೆರಡು ಶ್ರಾವಣ ಆ ಬೆನ್ನ ಹಿಂದೆ ನಡೆದ ದ್ಯಾಮಪ್ಪ, ಅಜ್ಜ ಶಿವನ ಪಾದ ಸೇರಿದ ಮೇಲೆ ಢೋಲಕಿಯನ್ನು ಕೊರಳಿಗೆ ಹಾಕಿಕೊಂಡ. ಅಂದಿನಿಂದ ನಾಲ್ವತ್ತಮೂರು ಶ್ರಾವಣ. ಒಂದು ನಸುಕೂ ತಪ್ಪಿದ್ದಿಲ್ಲ.

ಇದರಿಂದ ಅವನಿಗೊಂದು ಅಭಿಮಾನ ಬೆಳೆದಿತ್ತು. ಬಂಧುಗಳೇ, ಅಭಿಮಾನವು ಭಕ್ತರ ಮನೆಗೂ ಬರುತ್ತದೆ. ಹಿತ್ತಲ ಬಾಗಿಲಿನಿಂದ ಬರುತ್ತದೆ, ಅಷ್ಟೇ. "ನನ್ನ ಕೈಯಾಗ ಗಡಿಯಾರ ಐತಿ," ಎಂದು ಅವನು ಆಗಾಗ ಹೇಳುವುದಿತ್ತು.

"ಖರೆ ಐತಿ," ಎನ್ನುತ್ತಿದ್ದ ಅವನ ಜೊತೆಗಾರ ಕೊಟ್ರೇಶ. ಊರಿನ ಹಿಟ್ಟಿನ ಗಿರಣಿಯವನು, ಮೇಳದಲ್ಲಿ ತಾಳ ಹಾಕುವವನು. "ಆದ್ರ ಅದಕ್ಕ ಕೀಲಿ ಕೊಡಾಕ ತಾಸಿಗೊಮ್ಮೆ ಚಹಾ ಬೇಕು."

ಹೋದ ವರ್ಷದ ದೀಪಾವಳಿಗೆ ದ್ಯಾಮಪ್ಪನ ತಂಗಿಯ ಮಗಳು ನೇತ್ರಾ ಮುಂಡರಗಿಯಿಂದ ಬಂದಳು. ಗದಗಿನ ಒಂದು ಕಾಲೇಜಿನಲ್ಲಿ ಗಣಕಯಂತ್ರದ ಪಾಠ ಹೇಳುವ ಹೆಣ್ಣುಮಗಳು. ಯಂತ್ರದಿಂದ ಮನುಷ್ಯನ ಕೈಯಂತೆಯೇ ವಾದ್ಯ ನುಡಿಸುವುದು ಹೇಗೆಂಬ ಗುಂಗು ಅವಳಿಗೆ ಹತ್ತಿತ್ತು. ಸೋದರಮಾವನನ್ನು ನಡುಮನೆಯಲ್ಲಿ ಕೂರಿಸಿ, ಸದ್ದು ಮಾರ್ದನಿಗೊಳ್ಳಬಾರದೆಂದು ಮನೆಯಲ್ಲಿದ್ದ ಅಷ್ಟೂ ಹೊದೆಯುವ ಕೌದಿಗಳನ್ನು ನಾಲ್ಕೂ ಗೋಡೆಗೆ ಇಳಿಬಿಟ್ಟಳು. ಒಂದೊಂದು ಬಗೆಯ ಪೆಟ್ಟನ್ನು ನಾಲ್ವತ್ತು ನಾಲ್ವತ್ತು ಸಲ ಹೊಡೆಸಿದಳು: ಮೆಲ್ಲಗೆ, ಜೋರಾಗಿ, ಬೆರಳ ತುದಿಯಿಂದ, ಅಂಗೈಯಿಂದ.

"ಒಂದು ಸಾಲದೇನವಾ? ಎಲ್ಲಾ ಒಂದ ಅಲ್ಲ?" ಎಂದ ದ್ಯಾಮಪ್ಪ, ಬೆವರು ಒರೆಸುತ್ತ.

"ಒಂದನ್ನ ಮತ್ತ ಮತ್ತ ಬಾರಿಸಿದ್ರ ಕಿವಿಗೆ ಗೊತ್ತಾಕೈತಿ ಮಾವಾ, ಇದು ಯಂತ್ರ ಅಂತ. ನಿಮ್ಮ ಎರಡು ಪೆಟ್ಟು ಯಾವತ್ತೂ ಒಂದ ಥರಾ ಇರೂದುಲ್ಲ. ನಾಲ್ವತ್ತು ಇದ್ರ ಅದು ಅದರಾಗಿಂದ ಒಂದೊಂದ ಆರಿಸಿ ಹೊಡೀತೈತಿ."

ಅರ್ಧದಲ್ಲಿ ಹಿತ್ತಲಿನ ಎಮ್ಮೆ ಕೂಗಿತು. ಇನ್ನೊಮ್ಮೆ ಹೊಡೆಸಿ, ಕೂಗು ಬಿದ್ದ ಪೆಟ್ಟನ್ನು ಆಮೇಲೆ ತೆಗೆದರಾಯಿತೆಂದುಕೊಂಡ ನೇತ್ರಾ, ಹಬ್ಬದ ಗದ್ದಲದಲ್ಲಿ ಅದನ್ನು ಮರೆತಳು. ಹಬ್ಬ ಮುಗಿಯಿತು, ಕೌದಿಗಳು ಹೊರಸಿಗೆ ಮರಳಿದವು, ಎಲ್ಲರೂ ಆ ಮಾತನ್ನೇ ಬಿಟ್ಟರು.

ಈ ವರ್ಷ ಆಷಾಢದ ನಡುವಿನಲ್ಲಿ, ಗೊಬ್ಬರದ ಟ್ರ್ಯಾಲಿಯಿಂದ ಇಳಿಯುವಾಗ ದ್ಯಾಮಪ್ಪನ ಕಾಲು ಜಾರಿತು. ಬಲಗೈ ಊರಿ ಬಿದ್ದ. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಗದಗಿನ ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಐದು ವಾರ ಕೈ ಅಲುಗಾಡಿಸಕೂಡದೆಂದರು. ಶ್ರಾವಣಕ್ಕೆ ಉಳಿದಿದ್ದುದು ಎರಡು ವಾರ.

ಗಿರಣಿಯ ಕಟ್ಟೆಯ ಮೇಲೆ ಮೇಳದವರು ಕೂಡಿದರು. ಬೇರೆ ಊರಿನಿಂದ ಯಾರನ್ನಾದರೂ ಕರೆಸೋಣವೆಂದರೆ ಶ್ರಾವಣದಲ್ಲಿ ಯಾವ ಊರಿನ ಢೋಲಕಿಗೂ ಬಿಡುವಿಲ್ಲ. ಖಬರು ಕೇಳಿ ಓಡಿಬಂದ ನೇತ್ರಾ, ಸಭೆಯ ಅಂಚಿನಲ್ಲಿ ನಿಂತು ಹೇಳಿದಳು:

"ಮಾವನ ಕೈ ನನ್ನ ಕಂಪ್ಯೂಟರ್‌ನ್ಯಾಗ ಐತಿ. ಹೋದ ವರ್ಷ ಕೌದಿ ಕಟ್ಟಿ ಹಿಡಿದಿದ್ನಲ್ಲ. ಎಂಟು ದಿನಾ ಕೊಡ್ರಿ. ಶ್ರಾವಣ ಮುಗಿಯೂತನ ನಾ ಇಲ್ಲೇ ಇದ್ದು, ಇಲ್ಲಿಂದನ ಬಸ್ಸಿಗೆ ಕಾಲೇಜಿಗೆ ಹೊಕ್ಕೀನಿ."

"ಪೆಟಗಿ ಢೋಲಕಿ ಬಾರಸ್ತೈತೇನು?" ಎಂದ ಕೊಟ್ರೇಶ. "ಹಂಗಿದ್ರ ಭಾಳ ಚಲೋ ಆತು. ಅದಕ್ಕ ಚಹಾ ಬೇಕಾಗೂದುಲ್ಲ."

ಎಲ್ಲರೂ ನಕ್ಕರು. ದ್ಯಾಮಪ್ಪನೂ ನಕ್ಕ. ತನ್ನ ಕೈಯೇ ಅಲ್ಲವೇ ನುಡಿಯುವುದು ಎಂಬ ಸಮಾಧಾನ ಅವನಿಗಿತ್ತು.

ಶ್ರಾವಣದ ಹಿಂದಿನ ದಿನ ಸಂಜೆ ನೇತ್ರಾ ಪಡಸಾಲೆಯಲ್ಲಿ ತನ್ನ ಯಂತ್ರವನ್ನು ತೆರೆದಿಟ್ಟಳು. ಅದರೊಳಗಿಂದ ಢೋಲಕಿ ನುಡಿಯಿತು. ಎಡದ ಮುಖದ ಗುಮ್ಮೆನ್ನುವ ದನಿ, ಬಲದ ಮುಖದ ಚುರುಕು, ಬೆರಳು ಉಜ್ಜುವ ಸಣ್ಣ ಸದ್ದೂ ಸಹ. ಸುಮಿತ್ರವ್ವ ಅಡುಗೆಮನೆಯಿಂದ ಇಣುಕಿ, ಗೂಟದ ಮೇಲಿನ ಢೋಲಕಿಯನ್ನೂ ಗಂಡನ ಪ್ಲಾಸ್ಟರ್ ಕೈಯನ್ನೂ ನೋಡಿ ಬೆರಗಾದಳು. ದ್ಯಾಮಪ್ಪನ ಮುಖ ಹಬ್ಬವಾಯಿತು.

"ಇನ್ನೊಂದು ಮಜಾ ತೋರಸ್ತೀನಿ ಬರ್ರಿ ಮಾವಾ," ಎಂದು ನೇತ್ರಾ ತೆರೆಯನ್ನು ಅವನ ಕಡೆ ತಿರುಗಿಸಿದಳು. "ಈ ಕೆಂಪು ಗೆರಿ ಅದಾವಲ್ಲ, ಪೆಟ್ಟು ಬೀಳಬೇಕಾದ ಜಾಗಾ. ಒಂದು ಸುತ್ತಿಗೆ ಎಂಟು. ಈ ಕರೇವು ನಿಮ್ಮ ಪೆಟ್ಟು, ಹೋದ ಶ್ರಾವಣದಾಗ ಬಂದಾಗ ನಾ ಫೋನಿನ್ಯಾಗ ಹಿಡಿದಿದ್ದು. ಒಂದು, ಎರಡು, ಮೂರು, ನಾಕು, ಎಲ್ಲಾ ಗೆರಿ ಮ್ಯಾಲ ಕುಂತಾವು. ಐದನೇದು ನೋಡ್ರಿ."

ದ್ಯಾಮಪ್ಪ ಕನ್ನಡಕ ಏರಿಸಿ ಬಾಗಿದ. "ಗೆರಿ ದಾಟಿ ಬಿದ್ದೈತಿ."

"ಹೂಂ. ಜರಾ ತಡಾ. ಅದನ್ನೊಂದು ನಾ ಸರಿ ಮಾಡಿಟ್ಟೇನಿ."

"ಯಾವದೋ ಒಂದು ಸುತ್ತಿನ್ಯಾಗ ತಪ್ಪಿರಬೇಕು."

"ಎಲ್ಲಾ ಸುತ್ತಿನ್ಯಾಗೂ ಹಂಗ ಐತಿ ಮಾವಾ. ಒಂದೂ ಬಿಟ್ಟಿಲ್ಲ," ಎಂದಳು ಅವಳು, ಮನಸ್ಸಿನಲ್ಲಿ ಏನೂ ಇಲ್ಲದೆ.

ದ್ಯಾಮಪ್ಪ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡ. ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದ. ನಾಲ್ವತ್ತಮೂರು ಶ್ರಾವಣ, ಶ್ರಾವಣಕ್ಕೆ ಮೂವತ್ತು ನಸುಕು, ನಸುಕಿಗೆ ಎಷ್ಟೋ ಸಾವಿರ ಸುತ್ತು. ಪ್ರತಿ ಸುತ್ತಿನಲ್ಲೂ ಒಂದು ತಪ್ಪು. ಅದೂ ದೇವರ ಮುಂದೆ. ಅದೂ ಕೈಯಲ್ಲಿ ಗಡಿಯಾರವಿದೆಯೆಂದು ಹೇಳಿಕೊಂಡು ತಿರುಗಿದ ಮೇಲೆ. ಊಟಕ್ಕೆ ಕುಳಿತಾಗ ಹೆಂಡತಿಗೆ ಮೆಲ್ಲಗೆ ಹೇಳಿದ:

"ಪ್ಲಾಸ್ಟರ್ ತಗದ ಮ್ಯಾಲೂ ಆ ಪೆಟಗಿನ ಬಾರಸ್ಲಿ. ನಾ ಇನ್ನ ಮುಟ್ಟೂದುಲ್ಲ. ಢೋಲಕಿ ಲಕ್ಷ್ಮೇಶ್ವರದ ಭಜನಿ ಮಂದಿಗೆ ಕೊಟ್ಟಬಿಡೂಣು."

"ಅವರು ಕೇಳ್ಯಾರೇನು?"

"ಕೇಳಿಲ್ಲ."

"ಕೇಳದವರಿಗೆ ಯಾಕ ಕೊಡತೀರಿ? ರೊಟ್ಟಿ ಉಣ್ರಿ ಮದ್ಲ," ಎಂದಳು ಸುಮಿತ್ರವ್ವ. ಮರುದಿನ ನಸುಕಿನಲ್ಲಿ ಎದ್ದು ನೋಡಿದರೆ, ಗೂಟದ ಮೇಲಿನ ಢೋಲಕಿಗೆ ಹಳೆಯ ಧೋತರ ಹೊದಿಸಿತ್ತು. ಪೂಜೆ ಮುಗಿಸಿದ ಗಂಡ ಅದರ ಕಡೆ ತಿರುಗಿಯೂ ನೋಡದೆ ಹೊರಟಿದ್ದ. ಅವಳು ನೇತ್ರಾಳನ್ನು ಬಾಗಿಲಲ್ಲಿ ತಡೆದು, ನಡೆದುದೆಲ್ಲವನ್ನೂ ಹೇಳಿದಳು. ಆ ಹುಡುಗಿಯ ಮುಖ ಬಾಡಿತು. ಒಂದು ಸಣ್ಣ ಗೆರೆ ಇಷ್ಟು ಆಳಕ್ಕೆ ಕೊರೆಯುತ್ತದೆಂದು ಅವಳು ಎಣಿಸಿರಲಿಲ್ಲ.

ಗುಡಿಯ ಮುಂದೆ ಮೇಳ ಸಜ್ಜಾಗಿತ್ತು. ಕೊಟ್ರೇಶ ತನ್ನ ಸೈಕಲ್ಲಿನ ಕ್ಯಾರಿಯರ್‌ಗೆ ಬುಟ್ಟಿ ಕಟ್ಟಿ, ಅದರಲ್ಲಿ ಯಂತ್ರವನ್ನೂ ಸ್ಪೀಕರನ್ನೂ ಕೂರಿಸಿ, ಎಲ್ಲರಿಗೂ ಕೇಳಲೆಂದು ಸೈಕಲ್ಲನ್ನು ಮೇಳದ ಮುಂದೆಯೇ ತಳ್ಳಿಕೊಂಡು ನಿಂತಿದ್ದ. ಹುಚ್ಚವ್ವ ಅವನ ಹಿಂದಾದಳು. ಹಿರಿಯರ ಪದ್ಧತಿ ಅಲ್ಲಿಯೇ ಮುರಿದಿತ್ತು. ಹೊಸದರ ಸಂಭ್ರಮದಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಮೊದಲನೆಯ ಓಣಿಯಲ್ಲಿ ಎಲ್ಲ ಸೊಗಸಾಗಿತ್ತು. ಜನ ಬಾಗಿಲಿಗೆ ಬಂದು, ದ್ಯಾಮಪ್ಪನ ಬರಿಗೊರಳನ್ನೂ ನುಡಿಯುವ ಬುಟ್ಟಿಯನ್ನೂ ನೋಡಿ ಕೈಮುಗಿದರು. ಎರಡನೆಯ ಓಣಿಗೆ ಬರುವಷ್ಟರಲ್ಲಿ ಹಾಡು ಎಳೆದಾಡತೊಡಗಿತು. ಸೊಲ್ಲಿನ ನಡುವೆ ಉಸಿರು ಸಿಗದೆ ಒಬ್ಬೊಬ್ಬರೇ ಬಾಯಿ ಮುಚ್ಚಿದರು. ಅಗಸಿಯ ಏರಿನಲ್ಲಂತೂ ಢೋಲಕಿ ದನಿ ಮೇಲಕ್ಕೆ ಮುಟ್ಟಿದಾಗ ಭಜನೆ ಇನ್ನೂ ಕೆಳಗಿತ್ತು. ಹೆಂಗಸರು ಸೆರಗು ಸಿಕ್ಕಿಸಿ ದಾಪುಗಾಲು ಹಾಕುತ್ತಿದ್ದರು. ಹುಚ್ಚವ್ವ ಗೋಡೆಗೆ ಕೈಯೂರಿ ನಿಂತುಬಿಟ್ಟಳು.

"ಲೇ ಕೊಟ್ರಾ," ಎಂದಳು, "ನಿನ್ನ ಬುಟ್ಟಿ ಯಾವ ಊರಿನ ಬಸ್ ಹಿಡಿಯಾಕ ಹೊಂಟೈತಿ?"

"ಮುಂಡರಗಿದು ಇರಬೇಕಬೇ. ತವರಮನಿ ನೆನಪಾಗೇತಿ ಅದಕ್ಕ," ಎಂದ ಕೊಟ್ರೇಶ, ತಾನೂ ಏದುಸಿರು ಬಿಡುತ್ತ.

ಹಿಂತಿರುಗಿ ಬರುವಾಗ ದ್ಯಾಮಪ್ಪನ ಮನೆಯ ಮುಂದೆ ಇನ್ನೊಂದು ನಡೆಯಿತು. ನಾಲ್ವತ್ತು ಪೆಟ್ಟುಗಳಲ್ಲಿ ಒಂದನ್ನು ತನ್ನಷ್ಟಕ್ಕೆ ಆರಿಸಿಕೊಳ್ಳುವ ಯಂತ್ರ, ಸರಿಯಾಗಿ ಅಲ್ಲಿಯೇ ಆ ಮರೆತುಹೋದ ಪೆಟ್ಟನ್ನು ಆರಿಸಿತು. ಢೋಲಕಿಯೊಳಗಿಂದ ಎಮ್ಮೆ ಕೂಗಿತು. ಕ್ಷಣ ಬಿಟ್ಟು ಹಿತ್ತಲಿನ ಎಮ್ಮೆ ಅದಕ್ಕೆ ಓಗೊಟ್ಟಿತು. ಮೇಳವೆಲ್ಲ ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೇತ್ರಾ ನಾಚಿ ಯಂತ್ರವನ್ನೇ ಬಂದ್ ಮಾಡಿದಳು.

ನಗು ತಣಿದ ಮೇಲೆ ಹುಚ್ಚವ್ವ ಬರಿಗಂಟಲಲ್ಲಿ ಸೊಲ್ಲು ಎತ್ತಿದಳು. ಢೋಲಕಿಯಿಲ್ಲ, ತಾಳವೂ ಸೋತಿತ್ತು. ಆದರೂ ನಾಲ್ಕು ಹೆಜ್ಜೆ ಕಳೆಯುವಷ್ಟರಲ್ಲಿ ಹಾಡು ಕೂಡಿಕೊಂಡಿತು. ಹಿಂದೆ ಬರುತ್ತಿದ್ದ ನೇತ್ರಾ ಕಿವಿಗೊಟ್ಟು ಕೇಳಿದಳು. ಎಲ್ಲೋ ಟಕ್ ಟಕ್ ಎಂಬ ಸಣ್ಣ ಸದ್ದು ಇತ್ತು. ನೋಡಿದರೆ, ದ್ಯಾಮಪ್ಪ ತನಗೇ ಅರಿವಿಲ್ಲದೆ ಎಡಗೈ ಬೆರಳಿನಿಂದ ಬಲಗೈ ಪ್ಲಾಸ್ಟರಿನ ಮೇಲೆ ಬಾರಿಸುತ್ತಿದ್ದ. ಐದನೆಯ ಪೆಟ್ಟು ಗೆರೆ ದಾಟಿಯೇ ಬೀಳುತ್ತಿತ್ತು. ಅದು ಬೀಳುವ ಆ ಸಣ್ಣ ತೆರಪಿನಲ್ಲಿ, ಹದಿನೆಂಟು ಜನರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಿದ್ದರು.

ಗುಡಿಯ ಕಟ್ಟೆಯ ಮೇಲೆ ಕುಳಿತಾಗ ನೇತ್ರಾ ಹುಚ್ಚವ್ವನ ಪಾದದ ಬಳಿ ಕುಳಿತು ಕೇಳಿದಳು.

"ಅಮ್ಮಾ, ಐದನೇ ಪೆಟ್ಟಿಗೆ ನೀವೆಲ್ಲಾರೂ ಉಸುರು ತಗೋತೀರಿ. ಯಾರು ಕಲಿಸಿದ್ರು?"

"ಕಲಿಸೂದೇನವಾ? ಅದು ಫಕೀರೇಶಜ್ಜನ ಕಾಲು," ಎಂದಳು ಮುದುಕಿ, ಎಲ್ಲರಿಗೂ ಗೊತ್ತಿರುವ ಮಾತೆಂಬಂತೆ.

ದ್ಯಾಮಪ್ಪ ತಲೆಯೆತ್ತಿದ.

"ಆಗ ನಾ ಹೊಸದಾಗಿ ಗಂಡನ ಮನಿಗೆ ಬಂದಾಕಿ. ಅಜ್ಜ ಎಲ್ಲಾರಿಗಿಂತ ಸಾವಕಾಶ, ಅದಕ್ಕ ಅಂವನ ಮುಂದ. ಒಳ್ಳೇ ಕಾಲು ಇಟ್ಟಾಗ ಒಂದನೇ ಪೆಟ್ಟು. ಆ ಗಿಡ್ಡ ಕಾಲು ಎತ್ತಿ, ಸುತ್ತ ತಂದು, ನೆಲಕ್ಕ ಇಡೂದ್ರಾಗ ಐದನೇದು. ನನಗ ಸಿಟ್ಟ ಬರತಿತ್ತು. ಮನಿಯಾಗ ರೊಟ್ಟಿ ಬಡೀಬೇಕು, ಈ ಅಜ್ಜ ನೋಡಿದ್ರ ಕಾಲು ಎಳಕೊಂತ ಹೊಂಟಾನ. ಆಗ ನಮ್ಮತ್ತಿ ಅಂದ್ಲು, ಅಜ್ಜನ ಕಾಲು ನೆಲಾ ಮುಟ್ಟೂತನ ಉಸುರು ತಗೋ ಸುಮ್ನ ಅಂತ. ಅವತ್ತಿಂದ ಅಲ್ಲೇ ತಗೋತೀನಿ. ನನ್ನ ನೋಡಿ ಇವರೆಲ್ಲಾ ಕಲತರು."

ದ್ಯಾಮಪ್ಪನ ಕಣ್ಣ ಮುಂದೆ ಎರಡು ಹಿಮ್ಮಡಿಗಳು ಬಂದು ನಿಂತಿದ್ದವು. ಹನ್ನೆರಡು ವರ್ಷ ಅವನು ನೋಡಿದ್ದು ಅವನ್ನೇ. ಎಡದ್ದು ನೆಲಕ್ಕೆ ಬಿಗಿಯಾಗಿ, ಬಲದ್ದು ಗಾಳಿಯಲ್ಲಿ ಒಂದು ಸಣ್ಣ ಸುತ್ತು ಹಾಕಿ, ಧೂಳಿನಲ್ಲಿ ಅರ್ಧಚಂದ್ರನ ಗುರುತು ಮಾಡಿ. ನಾ ಹೊಡದಲ್ಲಿ ಹೊಡಿ ಎಂದಿದ್ದ ಗುರು. ಶಿಷ್ಯ ಹೊಡೆದಿದ್ದ. ಅದನ್ನು ತಾಳವೆಂದೇ ತಿಳಿದಿದ್ದ. ಗುರು ಮಣ್ಣಾದ ನಾಲ್ವತ್ತಮೂರು ವರ್ಷಗಳ ನಂತರವೂ, ಯಾರಿಗೂ ತಿಳಿಯದಂತೆ, ಆ ಗಿಡ್ಡ ಕಾಲು ಪ್ರತಿ ಶ್ರಾವಣವೂ ಹರ್ತಿಯ ಓಣಿಗಳಲ್ಲಿ ನಡೆಯುತ್ತಲೇ ಇತ್ತು. ಭಗವಂತ ತನ್ನ ಭಕ್ತರ ಹೆಜ್ಜೆಗಳನ್ನು ಎಂತೆಂಥ ಜಾಗದಲ್ಲಿ ಜೋಪಾನ ಮಾಡಿಡುತ್ತಾನೆ ನೋಡಿ.

"ಮಾವಾ, ನಾ ಅಜ್ಜನ ಕಾಲು ಸರಿ ಮಾಡಿಬಿಟ್ಟಿದ್ನಿ," ಎಂದಳು ನೇತ್ರಾ. ಅವಳ ಕಣ್ಣು ತುಂಬಿತ್ತು.

"ಡಾಕ್ಟರಕಿ ಕಲಿತಿಲ್ಲಲ್ಲವಾ, ಅದಕ್ಕ ಹಂಗಾತು," ಎಂದ ದ್ಯಾಮಪ್ಪ. ಹಿಂದಿನ ಸಂಜೆಯಿಂದ ಅವನು ಆಡಿದ ಮೊದಲ ನಗೆಮಾತು ಅದು.

ಅಂದು ಸಂಜೆ ಅವನ ಮನೆಯ ಅಂಗಳದಲ್ಲಿ ನಡೆದುದನ್ನು ನೆನೆದು ಊರವರು ಈಗಲೂ ನಗುತ್ತಾರೆ. ತಡವನ್ನು ಯಂತ್ರಕ್ಕೆ ಮರಳಿ ಕೊಡಬೇಕೆಂದರೆ ಎಷ್ಟು ತಡವೆಂದು ಅಳೆಯಬೇಕು. ಅರವತ್ತೆಂಟರ ದ್ಯಾಮಪ್ಪ ಧೋತರ ಎತ್ತಿ ಕಟ್ಟಿ, ಬಲಗಾಲನ್ನು ಗಿಡ್ಡ ಮಾಡಿಕೊಂಡು, ಪ್ಲಾಸ್ಟರಿನ ಮೇಲೆ ಬಾರಿಸುತ್ತ ಅಂಗಳವನ್ನು ಸುತ್ತಿದ. ನೇತ್ರಾ ಫೋನು ಹಿಡಿದು ಹಿಂದೆ ಹಿಂದೆ ನಡೆದಳು. ಅವಳ ಹಿಂದೆ ತಾಳ ಹಿಡಿದ ಕೊಟ್ರೇಶ.

ಸುಮಿತ್ರವ್ವ ಹೊಸ್ತಿಲಿಗೆ ಬಂದು ನಿಂತಳು. "ಏನ್ರಿ, ಕೈ ಮುರಕೊಂಡಾತು. ಈಗ ಕಾಲಿಗೂ ಕೈ ಹಚ್ಚೀರೇನು?"

"ನಿನ್ನ ಗಂಡಗ ಕುಂಟೂದು ಬರೂದುಲ್ಲವಾ," ಎಂದ ಕೊಟ್ರೇಶ. "ಅಜ್ಜ ಎಷ್ಟು ಚಂದ ಕುಂಟತಿದ್ದ. ಇಂವ ಮುಳ್ಳು ಚುಚ್ಚಿದ ಕೋಳಿ ಆಗ್ಯಾನ."

"ನೀ ಬಂದು ಕುಂಟಿ ತೋರಸಲೇ ಹಂಗಾರ," ಎಂದ ದ್ಯಾಮಪ್ಪ. ಕೊಟ್ರೇಶ ತೋರಿಸಿದ. ಸುಮಿತ್ರವ್ವ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೋಡಿದಳು.

ಅಳತೆ ಮಾತ್ರ ನೇತ್ರಾಳಿಗೆ ಸಿಗಲಿಲ್ಲ. ಬಯಲಿನಲ್ಲಿ ತಡ ಒಂದಿಷ್ಟಾದರೆ ಏರಿನಲ್ಲಿ ಮತ್ತಿಷ್ಟು. ಹೋದ ವರ್ಷದ ಧ್ವನಿಯನ್ನು ಮತ್ತೆ ಬಿಡಿಸಿ ನೋಡಿದರೆ, ಹುಚ್ಚವ್ವ ದಣಿದ ಓಣಿಗಳಲ್ಲಿ ಐದನೆಯ ಪೆಟ್ಟು ಇನ್ನೂ ಹಿಂದೆ ಸರಿದಿತ್ತು. ಇಂಥ ಅಂಕಿಯೆಂದು ಒಂದನ್ನು ಬರೆದಿಡಲು ಅಲ್ಲಿ ಏನೂ ಇರಲಿಲ್ಲ. ಕಡೆಗೆ ಅವಳು ಹೇಳಿದಳು:

"ಮಾವಾ, ಐದನೇದು ಇದು ತಾನ ಹೊಡೆಯೂದು ಬ್ಯಾಡ. ನಾಕು ಹೊಡದು ಕಾಯ್ಕೊಂತ ನಿಲ್ಲಲಿ. ನೀವು ಬೆರಳು ಇಟ್ಟ ಮ್ಯಾಲ ಐದನೇದು, ಅಲ್ಲಿಂದ ಮುಂದಿನ ಮೂರು, ನಿಮ್ಮ ನಡಿಗಿ ನೋಡಿ."

"ಅಷ್ಟು ತಾಳ್ಮಿ ಐತೇನು ಅದಕ್ಕ?"

"ನಾ ಕಲಸ್ತೀನಿ."

ಮೂರು ದಿನ ಬರಿಗಂಟಲಿನ ಭಜನೆ ನಡೆಯಿತು. ನಾಲ್ಕನೆಯ ನಸುಕಿನಲ್ಲಿ ಕೊಟ್ರೇಶ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ತಂದು, ನೇತ್ರಾಳ ಫೋನನ್ನು ದ್ಯಾಮಪ್ಪನ ಪ್ಲಾಸ್ಟರಿಗೆ ಬಿಗಿದ. ಪದ್ಧತಿಯಂತೆ ಹುಚ್ಚವ್ವ ಮುಂದೆ. ಬುಟ್ಟಿಯ ಸೈಕಲ್ಲು ಎಲ್ಲರ ಹಿಂದೆ. ಯಂತ್ರ ನಾಲ್ಕು ಪೆಟ್ಟು ಹೊಡೆದು ನಿಂತಿತು. ದ್ಯಾಮಪ್ಪ ಹುಚ್ಚವ್ವನ ಹಿಮ್ಮಡಿಯ ಮೇಲೆ ಕಣ್ಣಿಟ್ಟು, ಅದು ನೆಲ ಮುಟ್ಟಿದಾಗ ಎಡಗೈ ಬೆರಳನ್ನು ಇಟ್ಟ. ಐದನೆಯದು ಬಿತ್ತು. ಮೇಳ ಉಸಿರು ತೆಗೆದುಕೊಂಡಿತು. ಆ ದಿನ ಅಗಸಿಯ ಏರನ್ನು ಹುಚ್ಚವ್ವ ಎಲ್ಲಿಯೂ ನಿಲ್ಲದೆ ಹತ್ತಿದಳು. ಎಮ್ಮೆಯ ಪೆಟ್ಟನ್ನು ಮಾತ್ರ ತೆಗೆಯಕೂಡದೆಂದು ಮೇಳದವರೆಲ್ಲ ಹಟ ಹಿಡಿದಿದ್ದರು. ಅದು ಈಗಲೂ ಅಲ್ಲಿಯೇ ಇದೆ.

ಮೂರನೆಯ ಸೋಮವಾರ ಕಳೆದ ಮೇಲೆ ಪ್ಲಾಸ್ಟರ್ ತೆಗೆದರು. ಒಳಗಿನ ಕೈ ಬಿಳಿಚಿ, ಸೊರಗಿ, ಬೇರೆ ಯಾರದೋ ಕೈಯಂತಿತ್ತು. ಹಗುರಾಗಿ ಆಡಿಸಿರೆಂದು ಡಾಕ್ಟರು ಹೇಳಿದರು. ಮನೆಗೆ ಬಂದ ದ್ಯಾಮಪ್ಪ ಕೈಕಾಲು ತೊಳೆದು, ಗೂಟದ ಬಳಿ ಹೋಗಿ ನಿಂತ. ಸುಮಿತ್ರವ್ವ ಒಲೆಯ ಮುಂದಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ಅವನು ಧೋತರ ಎಳೆದು ಮಡಚಿದ. ಬಹಳ ದಿನದ ಬಾಕಿಯೆಂಬಂತೆ ವಿಭೂತಿಯನ್ನು ಮೂರು ಸಲ ಸವರಿದ.

"ಲಕ್ಷ್ಮೇಶ್ವರದವರು ಬಂದ್ರ ಏನ ಹೇಳ್ಲಿ?" ಎಂದಳು ಅವಳು.

"ಚಹಾ ಕೊಟ್ಟು ಕಳಸು."

ಅದರ ನಂತರದ ಸೋಮವಾರ ನಸುಕಿನಲ್ಲಿ ಅವನು ಢೋಲಕಿಯನ್ನು ಕೊರಳಿಗೆ ಹಾಕಿಕೊಂಡು ಗುಡಿಯ ಮುಂದೆ ಬಂದ. ನೇತ್ರಾ ಯಂತ್ರವನ್ನು ಮೆಲುದನಿಯಲ್ಲಿಟ್ಟು, ಫೋನನ್ನು ತನ್ನ ಕೈಯಲ್ಲೇ ಹಿಡಿದು, ಸೋತ ಬಲಗೈಗೆ ಆಸರೆಯಾಗಲೆಂದು ಹಿಂದಿನಿಂದ ನುಡಿಸಲು ಸಿದ್ಧಳಾದಳು. ಹುಚ್ಚವ್ವ ಸೊಲ್ಲು ಎತ್ತಿದಳು. ದ್ಯಾಮಪ್ಪ ಬಾರಿಸಿದ. ಬಲಗೈ ಬಗ್ಗಲೊಲ್ಲದು. ಐದನೆಯದು ತಡವಾಯಿತು, ಆರನೆಯದೂ ತಡವಾಯಿತು, ಏಳನೆಯದು ಬೀಳುವುದೋ ಇಲ್ಲವೋ ಎಂಬಂತಿತ್ತು. ಅವನ ಹಣೆಯಲ್ಲಿ ಬೆವರು ಮೂಡಿತು. ಹಿಂದೆ ಯಂತ್ರವೂ ಮುಂದೆ ಹುಚ್ಚವ್ವನ ಎತ್ತಿದ ಕಾಲೂ ಅವನಿಗಾಗಿ ಕಾಯ್ದವು.

ಹತ್ತು ಹೆಜ್ಜೆಯಾದ ಮೇಲೆ ಮುದುಕಿ ನಿಂತು ತಿರುಗಿದಳು.

"ದ್ಯಾಮಾ, ಇವತ್ತ ನಮ್ಮೊಳಗ ಎಲ್ಲಾರಿಗಿಂತ ಸಾವಕಾಶ ಯಾರು?"

ದ್ಯಾಮಪ್ಪ ತಲೆ ತಗ್ಗಿಸಿದ. "ನಾನ ಬೇ."

"ಹಂಗಾರ ಇಲ್ಲಿ ಯಾಕ ನಿಂತಿ? ನಿನ್ನ ಜಾಗಾದಾಗ ಎಷ್ಟು ದಿನಾಂತ ನಾ ನಡೀಲಿ? ಮುಂದ ನಡಿ."

ಕೊಟ್ರೇಶ ತಾಳವನ್ನು ಎದೆಗೊತ್ತಿ ದಾರಿ ಬಿಟ್ಟ. ದ್ಯಾಮಪ್ಪ ಒಬ್ಬೊಬ್ಬರನ್ನೇ ದಾಟಿ, ಅಜ್ಜ ನಡೆಯುತ್ತಿದ್ದ ಜಾಗಕ್ಕೆ ಹೋಗಿ ನಿಂತ. ಅವನ ಮುಂದೆ ಈಗ ನೋಡಲು ಯಾವ ಹಿಮ್ಮಡಿಯೂ ಇರಲಿಲ್ಲ; ಮಳೆ ಬಿದ್ದು ಹಸಿಯಾದ ಓಣಿ, ಅದರ ಕೊನೆಗೆ ಅಗಸಿ, ಅದರಾಚೆ ಕೆಂಪಾಗುತ್ತಿರುವ ಬಾನು. ಅವನು ಮೊದಲ ಪೆಟ್ಟು ಹೊಡೆದು ಎಡಗಾಲಿಟ್ಟ. ಬಲಗಾಲು ತಾನಾಗಿಯೇ ಒಂದು ಸಣ್ಣ ಸುತ್ತು ಹಾಕಿತು. ಬೆನ್ನ ಹಿಂದೆ ಹದಿನೆಂಟು ಜನ ಉಸಿರು ತೆಗೆದುಕೊಳ್ಳುವ ಸದ್ದು ಅವನಿಗೆ ಕೇಳಿಸಿತು.